ಕೊಡಗಿನಲ್ಲಿ ಹೋಂಸ್ಟೇ: ಯಾವ ಕಡೆ ಉಳಿಯಬೇಕು, ಎಂಥ ಮನೆ ಆರಿಸಬೇಕು

ಕೊಡಗಿಗೆ ಹೊರಡುವವರು ಮೊದಲು ನೋಡುವುದು ಫೋಟೊ. ಮಂಜು ಕವಿದ ಜಗಲಿ, ಹಸಿರು ತೋಟ, ಕೈಯಲ್ಲಿ ಕಾಫಿ ಲೋಟ. ಹೆಚ್ಚುಕಮ್ಮಿ ಎಲ್ಲ ಹೋಂಸ್ಟೇಗಳ ಫೋಟೊನೂ ಹೀಗೇ ಇರುತ್ತದೆ. ಅದರಲ್ಲಿ ಏನೂ ತಿಳಿಯುವುದಿಲ್ಲ ಅಂತ ರೇಟು ನೋಡಿ, ಸ್ಟಾರ್ ನೋಡಿ ಬುಕ್ ಮಾಡಿಬಿಡುತ್ತಾರೆ. ಅಲ್ಲಿಗೆ ಹೋದ ಮೇಲೆ, ನೋಡಬೇಕು ಅಂದುಕೊಂಡಿದ್ದ ಜಾಗವೆಲ್ಲ ಜಿಲ್ಲೆಯ ಇನ್ನೊಂದು ತುದಿಯಲ್ಲಿದೆ ಅಂತ ಗೊತ್ತಾಗುತ್ತದೆ.

ಕೊಡಗು ದೊಡ್ಡ ಜಿಲ್ಲೆಯಲ್ಲ, 4,102 ಚದರ ಕಿಲೋಮೀಟರ್ ಅಷ್ಟೆ. ಮ್ಯಾಪಿನಲ್ಲಿ ಎಲ್ಲವೂ ಪಕ್ಕಪಕ್ಕದಲ್ಲೇ ಕಾಣುತ್ತದೆ. ಆದರೆ ಇಲ್ಲಿ ರೈಲಿಲ್ಲ, ರಸ್ತೆಗಳು ನೇರ ಇಲ್ಲ, ತಿರುವು ಮುಗಿಯುವುದೇ ಇಲ್ಲ. ಬಯಲುಸೀಮೆಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ 30 ಕಿಲೋಮೀಟರಿಗೆ ಇಲ್ಲಿ ಒಂದು ಗಂಟೆ ಬೇಕು. ಮಳೆ, ಮಂಜು ಇದ್ದರೆ ಇನ್ನೂ ಜಾಸ್ತಿ. ಎರಡು ದಿನದ ಪ್ರವಾಸದಲ್ಲಿ ಬೆಳಿಗ್ಗೆ ತಲಕಾವೇರಿ, ಮಧ್ಯಾಹ್ನ ದುಬಾರೆ, ಸಂಜೆ ಇರ್ಪು ಅಂತ ಪಟ್ಟಿ ಹಾಕಿದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ. ಮಕ್ಕಳು ವಾಂತಿ ಮಾಡಿಕೊಳ್ಳುತ್ತಾರೆ, ದುಡ್ಡು ಕೊಟ್ಟು ಹಿಡಿದ ತೋಟದ ಮನೆಯಲ್ಲಿ ಬರೀ ಮಲಗಿ ಎದ್ದಂತಾಗುತ್ತದೆ.

ಆದ್ದರಿಂದ ಮೊದಲು ಯಾವ ಕಡೆ ಅಂತ ತೀರ್ಮಾನ ಮಾಡಿ. ಆಮೇಲೆ ಮನೆ ಹುಡುಕಿ. ಕೊಡಗನ್ನು ಪ್ರವಾಸಿಗರ ಕಣ್ಣಿನಿಂದ ಐದು ಕಡೆಗಳಾಗಿ ನೋಡಬಹುದು: ಮಡಿಕೇರಿ ಸುತ್ತಮುತ್ತ, ನಾಪೋಕ್ಲು–ಕಕ್ಕಬ್ಬೆ, ದಕ್ಷಿಣದ ಪೊನ್ನಂಪೇಟೆ–ಕುಟ್ಟ, ಪೂರ್ವದ ಕುಶಾಲನಗರ–ಸುಂಟಿಕೊಪ್ಪ, ಉತ್ತರದ ಸೋಮವಾರಪೇಟೆ. ಎಲ್ಲ ಕಡೆ ಕಾಫಿ ತೋಟ ಇದೆ, ಎಲ್ಲ ಕಡೆ ಹೋಂಸ್ಟೇ ಇದೆ. ಆದರೂ ಒಂದೊಂದು ಕಡೆಯ ಎರಡು ದಿನ ಒಂದೊಂದು ಥರ.

ಮಡಿಕೇರಿ ಸುತ್ತಮುತ್ತ

ಸ್ವಂತ ಗಾಡಿ ಇಲ್ಲದೆ ಬಸ್ಸಿನಲ್ಲಿ ಬರುವವರಿಗೆ, ವಯಸ್ಸಾದವರ ಜೊತೆ ಬರುವವರಿಗೆ, ಒಂದೇ ರಾತ್ರಿ ಉಳಿಯುವವರಿಗೆ ಮಡಿಕೇರಿಯೇ ಸರಿ. ಮೈಸೂರಿನಿಂದ ಸುಮಾರು 120 ಕಿಲೋಮೀಟರ್, ಬೆಂಗಳೂರಿನಿಂದ ಸುಮಾರು 260. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬರಬಹುದು. ಆಸ್ಪತ್ರೆ, ಔಷಧಿ ಅಂಗಡಿ, ಎಟಿಎಂ, ಆಟೊ ಎಲ್ಲ ಹತ್ತಿರದಲ್ಲೇ ಸಿಗುತ್ತವೆ.

ನೋಡುವ ಜಾಗಗಳೂ ಒತ್ತೊತ್ತಾಗಿವೆ. ಕೋಟೆ, ಅದರೊಳಗಿನ ಅರಮನೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ, ರಾಜರ ಸಮಾಧಿಗಳಿರುವ ಗದ್ದಿಗೆ, ಸೂರ್ಯಾಸ್ತಕ್ಕೆ ರಾಜಾಸೀಟ್. ಇವಿಷ್ಟನ್ನೂ ಆಟೊದಲ್ಲೇ ಸುತ್ತಬಹುದು. ಗದ್ದಿಗೆಗೆ ಜನ ಕಡಿಮೆ ಹೋಗುತ್ತಾರೆ, ನೀವು ತಪ್ಪಿಸಬೇಡಿ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರು ಬೆಳೆದ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ ಆಗಿದೆ. 2021ರಲ್ಲಿ ಉದ್ಘಾಟನೆಯಾಯಿತು. ಸೇನೆಯ ಬಗ್ಗೆ ಆಸಕ್ತಿ ಇರುವ ಮಕ್ಕಳಿದ್ದರೆ ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟ. ಅಬ್ಬಿ ಜಲಪಾತ ಪೇಟೆಯಿಂದ ಏಳೆಂಟು ಕಿಲೋಮೀಟರ್. ಮಾಂದಲಪಟ್ಟಿಗೆ ಕೊನೆಯ ಭಾಗದ ರಸ್ತೆಗೆ ಜೀಪು ಬೇಕೇ ಬೇಕು. ಬೆಳಗಿನ ಜಾವ ಹೊರಟರೆ ಮೋಡ ಕಾಲ ಕೆಳಗೆ ಇರುತ್ತದೆ, ಹತ್ತು ಗಂಟೆ ಮೇಲೆ ಹೋದರೆ ಜೀಪುಗಳ ಸಾಲು ಕಾಣುತ್ತದೆ.

ಮಡಿಕೇರಿಯ ತೊಂದರೆ ಅಂದರೆ ವಾರಾಂತ್ಯ. ಶನಿವಾರ ಸಂಜೆ ರಾಜಾಸೀಟ್ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಇನ್ನೊಂದು ವಿಷಯ ಇದೆ. ಪೇಟೆಯೊಳಗೆ ಹೋಂಸ್ಟೇ ಅಂತ ಬೋರ್ಡು ಹಾಕಿರುವ ಎಷ್ಟೋ ಕಟ್ಟಡಗಳು ನಿಜದಲ್ಲಿ ಲಾಡ್ಜುಗಳೇ. ಮನೆಯವರು ಅಲ್ಲಿ ಇರುವುದಿಲ್ಲ, ತೋಟವೂ ಇಲ್ಲ. ಮಡಿಕೇರಿ ಕಡೆಯೇ ಬೇಕೆಂದರೆ ಪೇಟೆ ಬಿಟ್ಟು ಐದಾರು ಕಿಲೋಮೀಟರ್ ಆಚೆಗೆ, ಗಾಳಿಬೀಡು, ಮೇಕೇರಿ, ಹಾಕತ್ತೂರು, ಕಡಗದಾಳು ಕಡೆ ಹುಡುಕಿ. ರೇಟು ಅಷ್ಟೇ ಇರುತ್ತದೆ ಅಥವಾ ಕಡಿಮೆ ಇರುತ್ತದೆ, ಬೆಳಿಗ್ಗೆ ಹಾರ್ನ್ ಬದಲು ಹಕ್ಕಿ ಕೂಗು ಕೇಳುತ್ತದೆ.

ನಾಪೋಕ್ಲು–ಕಕ್ಕಬ್ಬೆ

ಯಾರಾದರೂ 'ಎರಡು ರಾತ್ರಿ ಇದೆ, ಕಾರಿದೆ, ನಡೆಯೋಕೆ ಬೇಜಾರಿಲ್ಲ, ಎಲ್ಲಿ ಇರೋಣ' ಅಂತ ಕೇಳಿದರೆ ನಾನು ಯೋಚಿಸದೆ ಹೇಳುವುದು ಈ ಕಡೆ. ಮೊದಲ ಸಲ ಬರುವವರಿಗೂ ಇದನ್ನೇ ಹೇಳುತ್ತೇನೆ. ಮಡಿಕೇರಿಯಿಂದ ಸುಮಾರು 35 ಕಿಲೋಮೀಟರ್ ಒಳಗೆ ಹೋದರೆ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್‌ನ ಬುಡಕ್ಕೆ ಬರುತ್ತೀರಿ. ಎತ್ತರ 1,748 ಮೀಟರ್. ತಪ್ಪಲಿನ ತುಂಬ ಕಾಫಿ, ಏಲಕ್ಕಿ, ಕರಿಮೆಣಸು. ಮೇಲೆ ಶೋಲಾ ಕಾಡು, ಅದರ ಮೇಲೆ ಬೋಳು ಹುಲ್ಲುಗಾವಲು.

ಬೆಟ್ಟ ಹತ್ತುವ ದಾರಿ ನಾಲ್ಕುನಾಡು ಅರಮನೆ ಹತ್ತಿರ ಶುರುವಾಗುತ್ತದೆ. ಅರಮನೆ ಅಂದ ಕೂಡಲೇ ಮೈಸೂರನ್ನು ನೆನೆಸಿಕೊಂಡು ಹೋದರೆ ನಿರಾಸೆ ಆಗುತ್ತದೆ. ಇದು ಎರಡು ಅಂತಸ್ತಿನ, ಮರದ ಕೆತ್ತನೆಯ ಕಂಬಗಳಿರುವ, ದೊಡ್ಡ ಮನೆಯಂಥ ಕಟ್ಟಡ. ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. ಟಿಪ್ಪು ಜೊತೆಗಿನ ಯುದ್ಧಗಳ ಕಾಲದಲ್ಲಿ ರಾಜನಿಗೆ ಬೆಟ್ಟದ ಮರೆಯಲ್ಲಿ ಒಂದು ಭದ್ರವಾದ ಜಾಗ ಬೇಕಿತ್ತು. 1834ರಲ್ಲಿ ಬ್ರಿಟಿಷ್ ಸೈನ್ಯ ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜ ಓಡಿ ಬಂದದ್ದೂ ಇಲ್ಲಿಗೇ. ಅರಮನೆಯ ಒಳಗೆ ನಿಂತು, ಸುತ್ತಲ ಕಾಡು ನೋಡಿದರೆ ಯಾಕೆ ಇಲ್ಲಿಗೇ ಬಂದ ಅಂತ ಹೇಳಿಕೊಡಬೇಕಾಗಿಲ್ಲ.

ಹತ್ತಿರದಲ್ಲೇ ಪಾಡಿ ಇಗ್ಗುತ್ತಪ್ಪ ದೇವಸ್ಥಾನ ಇದೆ. ಕೊಡವರಿಗೆ ಇಗ್ಗುತ್ತಪ್ಪ ಮಳೆ, ಬೆಳೆ ಕೊಡುವ ದೇವರು. ಪುತ್ತರಿ ಹಬ್ಬದ ಮುಹೂರ್ತ ಇಲ್ಲಿ ನಿಗದಿಯಾದ ಮೇಲೇ ಊರೆಲ್ಲ ಕದಿರು ಕೊಯ್ಯುವುದು. ಚೆಯ್ಯಂಡಾಣೆ ಬಳಿ ಚೇಲಾವರ ಜಲಪಾತ ಇದೆ. ದೂರದಿಂದ ನೋಡಿ, ದಯವಿಟ್ಟು ಕೆಳಗಿನ ಗುಂಡಿಗೆ ಇಳಿಯಬೇಡಿ. ಅಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ನೀರು ಶಾಂತವಾಗಿ ಕಾಣುತ್ತದೆ, ಆದರೆ ಆಳ ಜಾಸ್ತಿ, ಬಂಡೆ ಜಾರುತ್ತದೆ. ಭಾಗಮಂಡಲ, ತಲಕಾವೇರಿಗೂ ಈ ಕಡೆಯಿಂದಲೇ ಹೋಗಿಬರಬಹುದು. ತಲಕಾವೇರಿ ಬ್ರಹ್ಮಗಿರಿ ತಪ್ಪಲಲ್ಲಿ, 1,276 ಮೀಟರ್ ಎತ್ತರದಲ್ಲಿದೆ. ಗಾಳಿ ಜೋರು, ಬೇಸಿಗೆಯಲ್ಲೂ ಒಂದು ಸ್ವೆಟರ್ ಇಟ್ಟುಕೊಳ್ಳಿ.

ಇಲ್ಲಿ ಹೋಂಸ್ಟೇ ಹಿಡಿಯುವುದರ ನಿಜವಾದ ಲಾಭ ಬೆಳಿಗ್ಗೆ ಗೊತ್ತಾಗುತ್ತದೆ. ಮಡಿಕೇರಿಯಲ್ಲಿ ಉಳಿದವರು ಆರು ಗಂಟೆಗೆ ಹೊರಟು ಎಂಟರ ಹೊತ್ತಿಗೆ ಬೆಟ್ಟದ ಬುಡಕ್ಕೆ ಬಂದು, ಬಿಸಿಲಲ್ಲಿ ಹತ್ತುತ್ತಾರೆ. ನೀವು ಆರಾಮವಾಗಿ ಎದ್ದು, ಕಾಫಿ ಕುಡಿದು, ಮನೆಯವರು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟ ತಿಂಡಿ ಹಿಡಿದು ಅವರಿಗಿಂತ ಮೊದಲು ಮೇಲಿರುತ್ತೀರಿ. ಕೊಡಗಿನ ಚಾರಣದ ದಾರಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುತ್ತದೆ. ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿಕೊಂಡೇ ರೂಮು ಹಿಡಿಯಿರಿ. ಮೊದಲು ರೂಮು, ಆಮೇಲೆ ಅನುಮತಿ ಅಂತ ಹೋದರೆ ಶನಿವಾರ, ಭಾನುವಾರ ಸಿಗದೇ ಹೋಗಬಹುದು.

ಕೊರತೆ ಇಲ್ಲವೇ? ಇದೆ. ಮೊಬೈಲ್ ಸಿಗ್ನಲ್ ಎಲ್ಲ ಕಡೆ ಬರುವುದಿಲ್ಲ. ಹೋಟೆಲುಗಳು ಕಡಿಮೆ, ರಾತ್ರಿ ಊಟ ಮನೆಯಲ್ಲೇ ಆಗಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಲ್ಯಾಪ್‌ಟಾಪ್ ಹಿಡಿದು ಕೆಲಸ ಮಾಡುತ್ತಾ ಇರಬೇಕು ಅನ್ನುವವರಿಗೆ ಈ ಕಡೆ ಹೊಂದುವುದಿಲ್ಲ.

ದಕ್ಷಿಣ: ಗೋಣಿಕೊಪ್ಪ, ಪೊನ್ನಂಪೇಟೆ, ಶ್ರೀಮಂಗಲ, ಕುಟ್ಟ

ಈ ಕಡೆಯ ಕೊಡಗು ಬೇರೆ. ಬೆಟ್ಟ ಸ್ವಲ್ಪ ದೂರ ಸರಿಯುತ್ತದೆ, ಗದ್ದೆ ಬಯಲು ಹರಡಿಕೊಳ್ಳುತ್ತದೆ. ಗದ್ದೆಯ ಅಂಚಿಗೆ, ಸ್ವಲ್ಪ ಎತ್ತರದಲ್ಲಿ ಕೊಡವ ಕುಟುಂಬಗಳ ಐನ್‌ಮನೆಗಳು, ಅಂದರೆ ಇಡೀ ಕುಟುಂಬಕ್ಕೆ ಸೇರಿದ ಮೂಲ ಮನೆಗಳು, ಕಾಣುತ್ತವೆ. ಕಾಡು ಪಕ್ಕದಲ್ಲೇ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ನಾಣಚ್ಚಿ ಗೇಟು ಕುಟ್ಟದ ಹತ್ತಿರ ಇದೆ, ಅರಣ್ಯ ಇಲಾಖೆಯ ಸಫಾರಿ ಅಲ್ಲಿಂದ ಹೊರಡುತ್ತದೆ. ಬ್ರಹ್ಮಗಿರಿಯಿಂದ ಇಳಿಯುವ ಲಕ್ಷ್ಮಣತೀರ್ಥದ ಇರ್ಪು ಜಲಪಾತ, ಅದರ ಕೆಳಗೆ ರಾಮೇಶ್ವರ ದೇವಸ್ಥಾನ. ಮಳೆಗಾಲದಲ್ಲಿ ಬರಪೊಳೆಯಲ್ಲಿ ರ‍್ಯಾಫ್ಟಿಂಗ್. ಗಡಿ ದಾಟಿದರೆ ಕೇರಳದ ವಯನಾಡಿನ ತೋಲ್ಪೆಟ್ಟಿ ಅಭಯಾರಣ್ಯ, ತಿರುನೆಲ್ಲಿ ದೇವಸ್ಥಾನ.

ಪ್ರಾಣಿ ಅಂದರೆ ಕಣ್ಣರಳಿಸುವ ಮಕ್ಕಳಿದ್ದರೆ, ವಯನಾಡನ್ನೂ ಸೇರಿಸಿಕೊಂಡು ಸುತ್ತುವ ಯೋಚನೆ ಇದ್ದರೆ ಕುಟ್ಟ–ಶ್ರೀಮಂಗಲ ಕಡೆಯೇ ಉಳಿಯಿರಿ. ಬೆಳಗಿನ ಸಫಾರಿಗೆ ಮಡಿಕೇರಿಯಿಂದ ಬರುತ್ತೇನೆ ಅನ್ನುವುದು ಆಗದ ಮಾತು. ಸುಮಾರು 90 ಕಿಲೋಮೀಟರ್ ಕತ್ತಲಲ್ಲಿ ತಿರುವು ತಿರುಗಬೇಕು. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬರುವವರಿಗೂ ಈ ಕಡೆ ಹತ್ತಿರವಾಗಿದೆ.

ಎರಡು ಎಚ್ಚರಿಕೆ. ಮೈಸೂರಿನಿಂದ ಹುಣಸೂರು, ನಾಗರಹೊಳೆ ಕಾಡಿನ ದಾರಿಯಾಗಿ ಕುಟ್ಟಕ್ಕೆ ಬರುವುದಾದರೆ ಸಂಜೆ 6 ಗಂಟೆ ಮೇಲೆ ಗೇಟು ದಾಟಲು ಬಿಡುವುದಿಲ್ಲ. ತಡವಾದರೆ ಗೋಣಿಕೊಪ್ಪದ ಮೇಲೆ ಸುತ್ತಿಕೊಂಡು ಬರಬೇಕು. ಎರಡನೆಯದು ಆನೆ. ದಕ್ಷಿಣ ಕೊಡಗಿನಲ್ಲೂ ಸಿದ್ದಾಪುರ, ತಿತಿಮತಿ ಸುತ್ತಮುತ್ತಲೂ ಕಾಡಾನೆಗಳು ಕಾಫಿ ತೋಟದೊಳಗೇ ಓಡಾಡುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಅವು ಬರುವುದು ಖಚಿತ. ತೋಟದ ಕೆಲಸಕ್ಕೆ ಹೋದವರು ಆನೆ ದಾಳಿಗೆ ಬಲಿಯಾಗುವ ಸುದ್ದಿ ಇಲ್ಲಿ ಪ್ರತಿ ವರ್ಷ ಬರುತ್ತದೆ. 'ಸಂಜೆ ಆರರ ಮೇಲೆ ತೋಟದೊಳಗೆ ಹೋಗಬೇಡಿ' ಅಂತ ಮನೆಯವರು ಹೇಳಿದರೆ ಅದು ಹೆದರಿಸುವ ಮಾತಲ್ಲ. ಹೇಳಿದಂತೆ ಕೇಳಿ. ರೀಲ್ಸ್ ಮಾಡಲು ಬೆಳಗಿನ ಮಂಜಿನಲ್ಲಿ ಒಬ್ಬೊಬ್ಬರೇ ಹೋಗುವುದೂ ಬೇಡ.

ಪೂರ್ವ: ಕುಶಾಲನಗರ, ಸುಂಟಿಕೊಪ್ಪ

ದುಬಾರೆ ಆನೆ ಶಿಬಿರ, ಕಾವೇರಿ ನಿಸರ್ಗಧಾಮ, ಹಾರಂಗಿ ಅಣೆಕಟ್ಟು, ಚಿಕ್ಲಿಹೊಳೆ, ಮತ್ತೆ ಪಕ್ಕದ ಮೈಸೂರು ಜಿಲ್ಲೆಗೆ ಸೇರಿದ ಬೈಲಕುಪ್ಪೆ. ಟಿಬೆಟಿನಿಂದ ಬಂದವರಿಗೆ 1960ರ ದಶಕದ ಶುರುವಿನಲ್ಲಿ ಇಲ್ಲಿ ನೆಲೆ ಸಿಕ್ಕಿತು. ನಾಮ್ಡ್ರೋಲಿಂಗ್ ಮಠವನ್ನು ಪೆನೊರ್ ರಿನ್‌ಪೋಚೆ 1963ರಲ್ಲಿ ಸ್ಥಾಪಿಸಿದರು. ಅದರ ಚಿನ್ನದ ಬಣ್ಣದ ಎತ್ತರದ ಬುದ್ಧನ ಮೂರ್ತಿಗಳನ್ನು ನೋಡಲು ಒಂದು ಗಂಟೆ ಬೇಕೇ ಬೇಕು.

ಜಾಗಗಳು ಚೆನ್ನಾಗಿವೆ. ಆದರೆ ಅದಕ್ಕಾಗಿ ಇಲ್ಲಿ ಉಳಿಯಬೇಕಾಗಿಲ್ಲ. ಬೆಂಗಳೂರು, ಮೈಸೂರು ಕಡೆಯಿಂದ ಬರುವ ಹೆದ್ದಾರಿಯಲ್ಲೇ ಬೈಲಕುಪ್ಪೆ, ನಿಸರ್ಗಧಾಮ ಸಿಗುತ್ತವೆ. ಹೋಗುವಾಗ ಒಂದು, ಬರುವಾಗ ಒಂದು ನೋಡಿದರೆ ಆಯಿತು. ದುಬಾರೆಗೆ ಸ್ವಲ್ಪ ಒಳಗೆ ಹೋಗಬೇಕು. ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು, ಹಾಗಾಗಿ ವಾಪಸ್ ಹೊರಡುವ ದಿನ ಬೆಳಿಗ್ಗೆ ಬೇಗ ಎದ್ದರೆ ಅದೂ ಮುಗಿಯುತ್ತದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ, ಹೊರಡುವ ಮುಂಚೆ ಕೇಳಿಕೊಳ್ಳಿ.

ಕುಶಾಲನಗರ ಪೇಟೆ ಮಡಿಕೇರಿಗಿಂತ ಮುನ್ನೂರು ಮೀಟರಿನಷ್ಟು ತಗ್ಗಿನಲ್ಲಿದೆ. ಬೇಸಿಗೆಯಲ್ಲಿ ಸೆಕೆ ಗೊತ್ತಾಗುತ್ತದೆ. ಚಳಿ, ಮಂಜು ಬೇಕು ಅಂತ ಬಂದವರಿಗೆ ನಿರಾಸೆ. ಆದರೆ ಕೈಗೂಸಿರುವವರಿಗೆ, ಘಾಟಿ ತಿರುವು ತಡೆಯದವರಿಗೆ, ಸುಂಟಿಕೊಪ್ಪ–ಚೆಟ್ಟಳ್ಳಿ ನಡುವಿನ ತೋಟದ ಮನೆಗಳು ಒಳ್ಳೆ ಆಯ್ಕೆ. ರಸ್ತೆ ಚೆನ್ನಾಗಿದೆ, ಎಲ್ಲವೂ ಅರ್ಧ ಗಂಟೆಯೊಳಗೆ.

ಉತ್ತರ: ಸೋಮವಾರಪೇಟೆ

ಪ್ರವಾಸಿಗರು ಕಡಿಮೆ ಬರುವ ಕಡೆ ಇದು. ಕುಮಾರಧಾರೆ ಧುಮುಕುವ ಮಲ್ಲಳ್ಳಿ ಜಲಪಾತ ನನ್ನ ಮಟ್ಟಿಗೆ ಕೊಡಗಿನ ಎಲ್ಲ ಜಲಪಾತಗಳಿಗಿಂತ ಚೆಂದ. ನೂರಾರು ಮೆಟ್ಟಿಲು ಇಳಿಯಬೇಕು, ಇಳಿದಷ್ಟನ್ನೂ ಹತ್ತಬೇಕು, ಮಂಡಿ ನೋವಿನವರು ಮೇಲಿನಿಂದಲೇ ನೋಡಿ. 1,712 ಮೀಟರಿನ ಪುಷ್ಪಗಿರಿ ಅಥವಾ ಕುಮಾರಪರ್ವತವನ್ನು ಕೊಡಗಿನ ಬದಿಯಿಂದ ಹತ್ತುವವರು ಈ ಕಡೆಗೇ ಬರಬೇಕು. ಕೋಟೆಬೆಟ್ಟ ಮಾದಾಪುರದ ಹತ್ತಿರ. ದೊಡ್ಡಮಳ್ತೆಯ ಹೊನ್ನಮ್ಮನ ಕೆರೆ ಗೌರಿ ಹಬ್ಬದ ಬಾಗಿನಕ್ಕೆ ಹೆಸರಾದದ್ದು.

ಹೋಂಸ್ಟೇಗಳ ಸಂಖ್ಯೆ ಇಲ್ಲಿ ಕಡಿಮೆ. ಒಂದಕ್ಕೊಂದು ದೂರ. ಮಳೆ ವಿಪರೀತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಯಾರಿಗೂ ಈ ಕಡೆ ಹೇಳುವುದಿಲ್ಲ. ಅಕ್ಟೋಬರ್ ಕೊನೆಗೆ ಬನ್ನಿ. ಮಲ್ಲಳ್ಳಿಯಲ್ಲಿ ನೀರು ಇನ್ನೂ ಜೋರಿರುತ್ತದೆ, ಬಂಡೆ ಒಣಗುತ್ತಾ ಬಂದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ.

ನಾಲ್ಕು ರಾತ್ರಿ ಇದ್ದವರು ಎರಡು ಕಡೆ ಎರಡೆರಡು ರಾತ್ರಿ ಉಳಿಯಬಹುದು. ಕಕ್ಕಬ್ಬೆ ಮುಗಿಸಿ ವಿರಾಜಪೇಟೆ ಮೇಲೆ ಕುಟ್ಟಕ್ಕೆ ಇಳಿಯುವುದು ಒಳ್ಳೆ ಜೋಡಿ. ಬೆಟ್ಟವೂ ಆಯಿತು, ಕಾಡೂ ಆಯಿತು. ಮಡಿಕೇರಿ ಮತ್ತು ಸೋಮವಾರಪೇಟೆಯೂ ಹೊಂದುತ್ತವೆ. ಸೋಮವಾರಪೇಟೆ ಮತ್ತು ಕುಟ್ಟ ಮಾತ್ರ ಒಂದೇ ಪ್ರವಾಸದಲ್ಲಿ ಬೇಡ. ಎರಡೂ ಜಿಲ್ಲೆಯ ಎರಡು ತುದಿ.

ಇನ್ನು ಮನೆ

ಕಡೆ ತೀರ್ಮಾನವಾದ ಮೇಲೆ ಫೋಟೊ ನೋಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಈ ಮನೆಯಲ್ಲಿ ಯಾರಿದ್ದಾರೆ? ಮೂರು ಥರದ ಮನೆಗಳಿಗೂ ಹೋಂಸ್ಟೇ ಅಂತಲೇ ಹೆಸರು. ಮೊದಲನೆಯದರಲ್ಲಿ ಮನೆಯವರು ಅದೇ ಸೂರಿನಡಿ ಇರುತ್ತಾರೆ, ಒಂದೆರಡು ಕೋಣೆ ಬಂದವರಿಗೆ ಬಿಟ್ಟಿರುತ್ತಾರೆ. ಎರಡನೆಯದರಲ್ಲಿ ಅದೇ ಕಾಂಪೌಂಡಿನಲ್ಲಿ ಬೇರೆ ಕಾಟೇಜು ಕಟ್ಟಿರುತ್ತಾರೆ, ಊಟ ದೊಡ್ಡ ಮನೆಯಿಂದ ಬರುತ್ತದೆ. ಮೂರನೆಯದರಲ್ಲಿ ಮಾಲೀಕರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ, ನೋಡಿಕೊಳ್ಳಲು ಒಬ್ಬರನ್ನು ಇಟ್ಟಿರುತ್ತಾರೆ.

ಕೇಂದ್ರ ಸರ್ಕಾರದ 'ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಯೋಜನೆಯ ನಿಯಮದಲ್ಲಿ ಒಂದರಿಂದ ಆರು ಕೋಣೆ, ಹೆಚ್ಚೆಂದರೆ 12 ಹಾಸಿಗೆ. ಮನೆಯವರು ಅಲ್ಲೇ ವಾಸ ಇರಬೇಕು. ಗೋಲ್ಡ್, ಸಿಲ್ವರ್ ಅಂತ ಎರಡು ದರ್ಜೆ. ರಾಜ್ಯದ ಪ್ರವಾಸೋದ್ಯಮ ಇಲಾಖೆಯೂ ಹೋಂಸ್ಟೇಗಳನ್ನು ನೋಂದಾಯಿಸುತ್ತದೆ. ಹದಿನೈದು ಕೋಣೆ ಇದೆ ಅಂದರೆ ಅದು ಹೋಂಸ್ಟೇ ಅಲ್ಲವೇ ಅಲ್ಲ ಅಂತ ತಿಳಿಯಿರಿ. ನೋಂದಣಿ ಇದೆಯಾ ಅಂತ ಕೇಳಲು ಸಂಕೋಚ ಬೇಡ. ನೋಂದಣಿ ಇರುವ ಮನೆಯವರು ಹೆಮ್ಮೆಯಿಂದಲೇ ಹೇಳುತ್ತಾರೆ, ನಿಮ್ಮ ಗುರುತಿನ ಚೀಟಿಯನ್ನೂ ಕೇಳುತ್ತಾರೆ. ಕೇಳದೇ ಕೀಲಿ ಕೊಡುವ ಕಡೆ ನಾನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ.

ಯಾರಿಗೆ ಯಾವುದು? ಎಂಟು ಹತ್ತು ಗೆಳೆಯರು ಸೇರಿ ರಾತ್ರಿಯೆಲ್ಲ ಹರಟೆ ಹೊಡೆಯಬೇಕು ಅಂದರೆ ಮೂರನೆಯದು, ಪೂರ್ತಿ ಬಂಗಲೆ ಹಿಡಿಯಿರಿ. ಸುಮ್ನೆ ಮನೆಯವರ ನಿದ್ದೆ ಕೆಡಿಸುವುದು ಬೇಡ. ಹೊಸದಾಗಿ ಮದುವೆ ಆದವರಿಗೆ, ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಎರಡನೆಯದು. ಆದರೆ ಕೊಡಗು ಅಂದರೆ ಏನು ಅಂತ ತಿಳಿಯಬೇಕು ಅನ್ನುವವರಿಗೆ ಮೊದಲನೆಯದಕ್ಕೆ ಸಾಟಿ ಇಲ್ಲ. ಬಾತ್‌ರೂಮಿನ ಟೈಲ್ಸ್ ಹಳೆಯದಿರಬಹುದು, ಬಿಸಿನೀರು ಹಂಡೆಯಿಂದ ಬರಬಹುದು. ಅದಕ್ಕೆ ಬದಲಾಗಿ ಸಿಗುವುದು ಅಡುಗೆಮನೆ.

ಬೆಳಿಗ್ಗೆ ನೂಪುಟ್ಟು ಮಾಡುವುದನ್ನು ನೋಡಿದ್ದೀರಾ? ಅಕ್ಕಿ ಹಿಟ್ಟಿನ ಬೆಂದ ಉಂಡೆಯನ್ನು ಬಿಸಿ ಇದ್ದಾಗಲೇ ಶಾವಿಗೆ ಒರಳಿಗೆ ಹಾಕಿ ಒತ್ತಬೇಕು, ಆರಿದರೆ ಇಳಿಯುವುದಿಲ್ಲ. ಒಬ್ಬರು ಮೇಲಿನ ಹಿಡಿ ತಿರುಗಿಸುತ್ತಾರೆ, ಇನ್ನೊಬ್ಬರು ಕೆಳಗೆ ತಟ್ಟೆ ಹಿಡಿದು ಎಳೆಗಳನ್ನು ಸುತ್ತುಸುತ್ತಾಗಿ ಹಿಡಿಯುತ್ತಾರೆ. ಅತಿಥಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರೆ ತಟ್ಟೆ ಅವರ ಕೈಗೂ ಬರುತ್ತದೆ. ಪಕ್ಕದ ಒಲೆಯಲ್ಲಿ ಪಂದಿ ಕರಿ (ಹಂದಿ ಮಾಂಸದ ಸಾರು) ಇದ್ದರೆ ಕೊನೆಗೆ ಅದಕ್ಕೆ ಒಂದು ಚಮಚ ಕಾಚಂಪುಳಿ ಬೀಳುತ್ತದೆ. ಪುಳಿ ಹಣ್ಣಿನ ರಸವನ್ನು ಗಂಟೆಗಟ್ಟಲೆ ಕುದಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಇಳಿಸಿದ ಹುಳಿ ಅದು. ಹಾಕಿದ ಕೂಡಲೇ ಇಡೀ ಅಡುಗೆಮನೆಯ ಘಮ ಬದಲಾಗುತ್ತದೆ. ಕಾಟೇಜಿಗೆ ಡಬ್ಬದಲ್ಲಿ ಊಟ ತರಿಸಿಕೊಳ್ಳುವವರಿಗೆ ಇದು ಸಿಗುವುದಿಲ್ಲ.

ಸಸ್ಯಾಹಾರಿಗಳು ಮುಂಚೆಯೇ ಹೇಳಿ. ಅಕ್ಕಿ ತರಿಯ ಉಂಡೆ ಕಡಂಬುಟ್ಟು, ಹಬೆಯಲ್ಲಿ ಬೇಯಿಸಿದ ಪಾಪುಟ್ಟು, ಅಕ್ಕಿ ರೊಟ್ಟಿಯಾದ ಅಕ್ಕಿ ಒಟ್ಟಿ, ಮಳೆಗಾಲದಲ್ಲಿ ಕಣಿಲೆಯ (ಎಳೆ ಬಿದಿರಿನ) ಬೈಂಬಳೆ ಕರಿ, ಅಣಬೆಯ ಕುಮ್ಮು ಕರಿ, ಎಲ್ಲ ಮಾಡಿಕೊಡುತ್ತಾರೆ. ಆದರೆ ಒಂದೇ ಅಡುಗೆಮನೆ, ಪಾತ್ರೆಗಳೂ ಅವೇ. ಅದು ನಿಮಗೆ ಒಗ್ಗುವುದಿಲ್ಲ ಅಂದರೆ ಮಾಂಸ ಮಾಡದ ಮನೆ ಬೇಕು ಅಂತಲೇ ನೇರವಾಗಿ ಕೇಳಿ. ಅಂಥ ಮನೆಗಳೂ ಇವೆ. ಇನ್ನೊಂದು ಮಾತು. ಕೊಡಗಿನ ಮನೆ ಅಂದರೆ ಕೊಡವರದ್ದು ಮಾತ್ರ ಅಲ್ಲ. ಮಡಿಕೇರಿ, ಭಾಗಮಂಡಲ ಕಡೆ ಅರೆಭಾಷೆ ಮಾತಾಡುವ ಗೌಡರ ಮನೆಗಳು ಬಹಳ ಇವೆ. ಅವರ ಅಡುಗೆ, ಮಾತು, ಹಬ್ಬ ಬೇರೆಯದೇ ರುಚಿ.

ಬುಕ್ ಮಾಡುವ ಮುಂಚೆ ಆ್ಯಪ್ ಮುಚ್ಚಿ ಒಂದು ಫೋನ್ ಮಾಡಿ. ಐದು ನಿಮಿಷದಲ್ಲಿ ಎಲ್ಲ ತಿಳಿಯುತ್ತದೆ.

"ಆಂಟಿ, ನೀವು ಅದೇ ಮನೇಲಿ ಇರ್ತೀರಾ?"

"ಹೌದಮ್ಮ, ನಾನೂ ನಮ್ಮ ಯಜಮಾನರೂ ಇಲ್ಲೇ ಇರೋದು. ನೀವು ಎಷ್ಟು ಜನ?"

"ನಾಲ್ಕು ಜನ, ಇಬ್ಬರು ಮಕ್ಕಳು. ಕಾರು ಮನೆ ತನಕ ಬರುತ್ತಾ?"

"ಸಣ್ಣ ಕಾರಾದ್ರೆ ಕೊನೆಗೆ ಸ್ವಲ್ಪ ಕಷ್ಟ. ಮೇನ್ ರೋಡಲ್ಲಿ ನಿಲ್ಸಿ, ನಮ್ಮ ಜೀಪ್ ಕಳಿಸ್ತೀವಿ."

ಇಷ್ಟು ಮಾತಿಗೇ ಮನೆಯವರ ಸ್ವಭಾವ ಗೊತ್ತಾಗಿಬಿಡುತ್ತದೆ, ಅಲ್ವಾ? ಕೊನೆಯ ಎರಡು ಕಿಲೋಮೀಟರ್ ರಸ್ತೆಯ ಬಗ್ಗೆ ನಿಜ ಹೇಳುವವರು ಬೇರೆ ವಿಷಯದಲ್ಲೂ ನಿಜ ಹೇಳುತ್ತಾರೆ. ಇದರ ಜೊತೆ ರೇಟಿನ ಲೆಕ್ಕ ಕೇಳಿ. ಕೊಡಗಿನಲ್ಲಿ ಕೋಣೆಗೆ ಇಷ್ಟು ಅನ್ನುವುದಕ್ಕಿಂತ ತಲೆಗೆ ಇಷ್ಟು ಅನ್ನುವ ಲೆಕ್ಕವೇ ಜಾಸ್ತಿ. ಕೆಲವರು ಅದರಲ್ಲಿ ರಾತ್ರಿ ಊಟ, ಬೆಳಗಿನ ತಿಂಡಿ, ಸಂಜೆ ಕಾಫಿ ಎಲ್ಲ ಸೇರಿಸುತ್ತಾರೆ, ಕೆಲವರು ತಿಂಡಿ ಮಾತ್ರ. ಕಡಿಮೆ ಅಂತ ಕಂಡ ಮನೆ, ಊಟ ಸೇರಿಸಿದ ಮೇಲೆ ದುಬಾರಿಯಾಗುವುದು ಹೊಸದೇನಲ್ಲ. ಮಕ್ಕಳಿಗೆ ಎಷ್ಟು, ಡ್ರೈವರ್ ಬಂದರೆ ಮಲಗಲು ಜಾಗ ಇದೆಯಾ, ಕ್ಯಾಂಪ್‌ಫೈರ್‌ಗೆ ಬೇರೆ ದುಡ್ಡಾ, ಕರೆಂಟು ಹೋದರೆ ಜನರೇಟರ್ ಇದೆಯಾ. ತೋಟ ತೋರಿಸಲು ಮನೆಯವರು ಜೊತೆಗೆ ಬರುತ್ತಾರಾ ಅನ್ನುವುದನ್ನೂ ಕೇಳಿ. ತೋಟದ ಮನೆಯಲ್ಲಿ ಉಳಿದು ರೊಬಸ್ಟಾ ಯಾವುದು, ಅರೇಬಿಕಾ ಯಾವುದು ಅಂತ ತಿಳಿಯದೆ ವಾಪಸ್ ಬರುವುದು ಬೇಸರದ ಸಂಗತಿ.

ಯಾವಾಗ

ಕಾಫಿ ಕೊಯ್ಲು ಅರೇಬಿಕಾಗೆ ನವೆಂಬರಿನಿಂದ, ರೊಬಸ್ಟಾಗೆ ಜನವರಿಯಿಂದ. ಆಗ ಕಣದ ತುಂಬ ಕೆಂಪು ಹಣ್ಣು ಹರಡಿರುತ್ತದೆ, ಹಣ್ಣು ಒಣಗುವ ಹುಳಿ ವಾಸನೆ ಮನೆಯವರೆಗೂ ಬರುತ್ತದೆ. ಮನೆಯವರಿಗೆ ಕೆಲಸ ಜಾಸ್ತಿ, ಮಾತಿಗೆ ಸಿಗುವುದು ಕತ್ತಲಾದ ಮೇಲೆ. ಹೂವು ನೋಡಬೇಕಾದರೆ ಫೆಬ್ರವರಿಯಿಂದ ಏಪ್ರಿಲ್ ನಡುವೆ ಬನ್ನಿ. ಒಂದು ಒಳ್ಳೆ ಮಳೆ ಬಿದ್ದು ವಾರ ಹತ್ತು ದಿನದಲ್ಲಿ ತೋಟ ಪೂರ್ತಿ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ. ಮೂರ್ನಾಲ್ಕು ದಿನದಲ್ಲಿ ಮುಗಿಯುತ್ತದೆ. ದಿನಾಂಕ ಮುಂಚೆಯೇ ಹೇಳಲಾಗದು, ಹಾಗಾಗಿ ಮನೆಯವರ ನಂಬರ್ ಇಟ್ಟುಕೊಂಡು 'ಹೂವಾದಾಗ ಒಂದು ಮೆಸೇಜ್ ಹಾಕಿ' ಅಂತ ಕೇಳಿಕೊಂಡರೆ ಕಳಿಸುತ್ತಾರೆ. ಅದೇ ಹೊತ್ತಿಗೆ ಜಲಪಾತಗಳು ಮಾತ್ರ ಸೊರಗಿರುತ್ತವೆ, ಏಪ್ರಿಲಿನಲ್ಲಿ ಅಬ್ಬಿಗೆ ಹೋಗಿ ಬೇಜಾರು ಮಾಡಿಕೊಳ್ಳಬೇಡಿ.

ಕೋಣೆ ಸಿಗದ ದಿನಗಳು ಕೆಲವಿವೆ. ಮಡಿಕೇರಿ ದಸರಾದ ಕೊನೆಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬೆಳಗಿನ ತನಕ ಮೆರವಣಿಗೆ ಹೊರಡುತ್ತವೆ. ಅದನ್ನು ನೋಡುವ ಆಸೆ ಇದ್ದರೆ ತಿಂಗಳುಗಟ್ಟಲೆ ಮೊದಲೇ ಹಿಡಿಯಿರಿ, ಇಲ್ಲದಿದ್ದರೆ ಆ ವಾರ ಮಡಿಕೇರಿ ಬೇಡ. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ, ತಲಕಾವೇರಿ, ಭಾಗಮಂಡಲ ತುಂಬಿರುತ್ತವೆ. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಶುರು ಮಾಡಿದ ಈ ಪಂದ್ಯಾವಳಿಗೆ ನೂರಾರು ಕುಟುಂಬಗಳು ತಂಡ ಕಟ್ಟಿಕೊಂಡು ಬರುತ್ತವೆ. ಪ್ರತಿ ವರ್ಷ ಒಂದೊಂದು ಕುಟುಂಬದ ಉಸ್ತುವಾರಿ. ನಡೆಯುವ ಊರಿನ ಸುತ್ತ ಕೋಣೆ ಸಿಗುವುದು ಕಷ್ಟ, ಆದರೆ ಅಜ್ಜ ಮೊಮ್ಮಗ ಒಂದೇ ತಂಡದಲ್ಲಿ ಆಡುವುದನ್ನು ನೋಡಲು ಹತ್ತಿರದಲ್ಲೇ ಉಳಿಯುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಬೇಕಾ? ಪುತ್ತರಿಯ ದಿನಗಳಲ್ಲಿ ಕೊಡವ ಕುಟುಂಬದವರು ಐನ್‌ಮನೆಗೆ ಹೋಗುತ್ತಾರೆ, ಎಷ್ಟೋ ಹೋಂಸ್ಟೇಗಳು ಬಂದ್ ಇರುತ್ತವೆ.

ಮಳೆಗಾಲದ ಕೊಡಗನ್ನು ಇಷ್ಟಪಡುವವರಲ್ಲಿ ನಾನೂ ಒಬ್ಬ. ಆದರೆ 2018ರ ಆಗಸ್ಟ್ ಆದ ಮೇಲೆ ಇಲ್ಲಿ ಯಾರೂ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಮನೆ, ತೋಟ, ರಸ್ತೆ ಕೊಚ್ಚಿಹೋದವು. 2020ರಲ್ಲಿ ತಲಕಾವೇರಿಯಲ್ಲೂ ಗುಡ್ಡ ಕುಸಿಯಿತು. ಜುಲೈ, ಆಗಸ್ಟಿನಲ್ಲಿ ಬರಲೇಬೇಕು ಅಂದರೆ ಇಳಿಜಾರಿನ ತುದಿಯಲ್ಲಿ ಕಟ್ಟಿದ 'ವ್ಯೂ ಪಾಯಿಂಟ್' ಕಾಟೇಜುಗಳನ್ನು ಬಿಟ್ಟು, ದಕ್ಷಿಣದ ಗದ್ದೆ ಬಯಲಿನ ಹಳೆ ಮನೆಗಳನ್ನೋ ಸುಂಟಿಕೊಪ್ಪ ಕಡೆಯ ಮನೆಗಳನ್ನೋ ಆರಿಸಿ. ಇಂಬಳಕ್ಕೆ ಉಪ್ಪು, ಉದ್ದ ಕಾಲುಚೀಲ ಇಟ್ಟುಕೊಳ್ಳಿ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಹೊರಡಬೇಡಿ, ಜಲಪಾತ, ಚಾರಣ ಎಲ್ಲವನ್ನೂ ಜಿಲ್ಲಾಡಳಿತ ಆಗ ಬಂದ್ ಮಾಡಿರುತ್ತದೆ.

ಅದಕ್ಕಾಗಿಯೇ ಮಳೆಗಾಲಕ್ಕೆ ಪೂರ್ತಿ ದುಡ್ಡು ಮುಂಗಡ ಕಟ್ಟಬೇಡಿ. ದಾರಿ ಬಂದ್ ಆದರೆ ಅಥವಾ ಅಲರ್ಟ್ ಬಂದರೆ ದುಡ್ಡು ವಾಪಸ್ ಕೊಡುತ್ತಾರಾ, ಬೇರೆ ದಿನಕ್ಕೆ ಬದಲಿಸುತ್ತಾರಾ ಅಂತ ಮೊದಲೇ ಕೇಳಿ, ಉತ್ತರವನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬಹುತೇಕ ಮನೆಯವರು ದಿನ ಬದಲಿಸಿಕೊಡುತ್ತಾರೆ. ಅವರಿಗೂ ಆ ಮಳೆಯಲ್ಲಿ ನೀವು ಘಾಟಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ.